ಮುಖವಾಡ ತಂದವರ ಹೆಸರಿದೆ, ಮುಖವಾಡದ ಒಡೆಯರ ಹೆಸರಿಲ್ಲ

2025ರಲ್ಲಿ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಒಂದು ಇಡೀ ಪೂಜಾಸ್ಥಳವನ್ನು ಅದರ ಊರಿಗೆ ವಾಪಸ್ ಕಳಿಸಿತು. ಮರದಲ್ಲಿ ಕೆತ್ತಿದ 88 ಮನುಷ್ಯಾಕೃತಿಗಳು, 4 ತಿಮಿಂಗಿಲಗಳು, ಜೊತೆಗೆ 16 ತಲೆಬುರುಡೆಗಳು. ಊರಿನ ಹೆಸರು ಯೂಕ್ವಾಟ್. ಕೆನಡಾದ ಪಶ್ಚಿಮ ತುದಿಯ ವ್ಯಾಂಕೂವರ್ ದ್ವೀಪದ, ಪೆಸಿಫಿಕ್ ಕಡೆಗೆ ಮುಖ ಮಾಡಿದ ಕರಾವಳಿಯ ಪಕ್ಕದಲ್ಲೇ ಇರುವ ನೂಟ್ಕಾ ದ್ವೀಪದಲ್ಲಿದೆ. ತಿಮಿಂಗಿಲ ಬೇಟೆಗೆ ಹೊರಡುವ ಮುನ್ನ ಅಲ್ಲಿನ ಮುಖ್ಯಸ್ಥರು ವ್ರತ ಹಿಡಿದು, ಮೈ ತೊಳೆದು, ಮಡಿಯಾಗುತ್ತಿದ್ದ ಜಾಗ ಅದು. ಸುಮಾರು 120 ವರ್ಷ ಅದೆಲ್ಲ ಮ್ಯೂಸಿಯಂನ ಸ್ಟೋರ್‌ನಲ್ಲಿತ್ತು. ಪೂರ್ತಿಯಾಗಿ ಒಮ್ಮೆಯೂ ಪ್ರದರ್ಶನಕ್ಕೆ ಇಟ್ಟಿರಲಿಲ್ಲ.

ಈ ಮರಳಿಕೆಯ ಹಿಂದೆ ಯೂಕ್ವಾಟ್‌ನ ಮೋವಾಚಾಟ್-ಮುಚಲಾಟ್ ಜನರ ಹಲವು ವರ್ಷಗಳ ಓಡಾಟವಿದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಕಾಗದಪತ್ರ ಇತ್ತು. 1904ರ ಹೊತ್ತಿಗೆ ಇದನ್ನು ಕೊಂಡವರು ಜಾರ್ಜ್ ಹಂಟ್. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್‌ಗೆ ವಸ್ತು ಕೂಡಿಸಿ ಕಳಿಸುತ್ತಿದ್ದವರು ಅವರೇ. ಹಂಟ್ ಬರೆದ ಪತ್ರಗಳು ಉಳಿದಿವೆ, ತೆಗೆದ ಫೋಟೋ ಉಳಿದಿವೆ. ಕೊಟ್ಟ ಹಣ 500 ಡಾಲರ್ ಅನ್ನುವುದು ಗೊತ್ತಿದೆ. ಒಡೆತನ ತನ್ನದು ಎಂದು ಇಬ್ಬರು ಹೇಳಿಕೊಂಡಿದ್ದರು ಅನ್ನುವುದೂ ಗೊತ್ತಿದೆ. ಊರಿನ ಜನ ದುಡಿಮೆಗೆ ಹೊರಗೆ ಹೋಗುವ ತನಕ ಕಾಯಬೇಕು, ಆಮೇಲೆ ಸಾಗಿಸಬೇಕು ಎಂಬ ಕರಾರಿನ ಮೇಲೆ ಮಾರಾಟ ನಡೆಯಿತು ಅನ್ನುವುದೂ ಅದೇ ಪತ್ರಗಳಿಂದಲೇ ತಿಳಿಯುತ್ತದೆ. ಊರಿಗೆ ಗೊತ್ತಾಗದ ಹಾಗೆ ಕೊಂಡದ್ದು ಸರಿಯಾದ ವ್ಯಾಪಾರವಾ ಎಂದು ಇವತ್ತು ಯಾರಾದರೂ ಕೇಳಿದರೆ, ಕೇಳುವುದಕ್ಕೆ ಆಧಾರ ಕೊಂಡವರ ಕೈಬರಹದಲ್ಲೇ ಸಿಗುತ್ತದೆ.

ಈ ಜನರೂ ಸೇರಿದ ನೂಚಾನೂಲ್ತ್ ಸಮುದಾಯಗಳ ಮುಖವಾಡಗಳ ವಿಷಯಕ್ಕೆ ಬನ್ನಿ. ಲಂಡನ್, ವಿಯೆನ್ನಾ, ಬರ್ನ್, ಬರ್ಲಿನ್, ನ್ಯೂಯಾರ್ಕ್, ಷಿಕಾಗೋ, ಒಟ್ಟಾವಾ, ವಿಕ್ಟೋರಿಯಾ, ಹೀಗೆ ಅವು ಎಲ್ಲೆಲ್ಲೋ ಹಂಚಿಹೋಗಿವೆ. ಬಹಳಷ್ಟು ಮುಖವಾಡಗಳಿಗೆ ಇರುವುದು ಒಂದೋ ಎರಡೋ ಸಾಲು. ಮುಖವಾಡ, ಮರ, ಬಣ್ಣ, ಕೂದಲು, ಇಂತಿಷ್ಟು ಉದ್ದ, ಇಂಥವರಿಂದ ಬಂದದ್ದು, ನೂಟ್ಕಾ. ಮುಗಿಯಿತು. ಈ ಎರಡು ಸಾಲಿನ ಮೇಲೆ ಇವತ್ತು ದೊಡ್ಡ ಜಗ್ಗಾಟ ನಡೆದಿದೆ. ಯಾವುದು ವಾಪಸ್ ಹೋಗಬೇಕು, ಯಾರ ಮನೆಗೆ ಹೋಗಬೇಕು, ಯಾವುದನ್ನು ಇಂಟರ್‌ನೆಟ್ಟಿನಲ್ಲಿ ತೋರಿಸಬಾರದು ಅನ್ನುವುದೆಲ್ಲ ಕೊನೆಗೆ ಬಂದು ನಿಲ್ಲುವುದು ದಾಖಲೆಯ ಹತ್ತಿರ. ಆ ದಾಖಲೆ ಬರೆದವರಿಗೆ ಬೇಕಾಗಿದ್ದುದು ಬೇರೆ, ಈಗ ಕೇಳುವವರಿಗೆ ಬೇಕಾದದ್ದು ಬೇರೆ.

ಯಾರು ಈ ಜನ

ನೂಚಾನೂಲ್ತ್ ಅನ್ನುವುದು ಒಂದೇ ಬುಡಕಟ್ಟಿನ ಹೆಸರಲ್ಲ. ದ್ವೀಪದ ಪಶ್ಚಿಮ ಕರಾವಳಿಯ 14 ಸಮುದಾಯಗಳು ಸೇರಿಕೊಂಡ ಒಕ್ಕೂಟದ ಹೆಸರು. ಅಹೌಸಾಟ್, ಹೆಸ್ಕ್ವಿಯಾಟ್, ತ್ಸೆಶಾಟ್, ಹುಪಚಸಾತ್, ಹೂ-ಅಯ್-ಆಟ್ ಹೀಗೆ ಒಂದೊಂದಕ್ಕೂ ಅದರದೇ ಊರು, ನದಿ, ಮುಖ್ಯಸ್ಥರು. 1778ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಬಂದಾಗ ಈ ಜಾಗಕ್ಕೆ ನೂಟ್ಕಾ ಎಂಬ ಹೆಸರು ಅಂಟಿಕೊಂಡಿತು. ಎರಡು ಶತಮಾನ ಕಾಲ ಹೊರಗಿನವರು ಎಲ್ಲರನ್ನೂ ಅದೇ ಹೆಸರಿನಲ್ಲಿ ಕರೆದರು. 1970ರ ದಶಕದ ಕೊನೆಗೆ ಅವರೇ ತಮ್ಮ ಹೆಸರನ್ನು ಆರಿಸಿಕೊಂಡರು. ಆದರೆ ಮ್ಯೂಸಿಯಂ ರಿಜಿಸ್ಟರ್‌ಗಳಲ್ಲಿ ಹಳೆಯ ಹೆಸರೇ ಸಾವಿರಗಟ್ಟಲೆ ಸಲ ಬರೆದಾಗಿದೆ. ಕೆಲವು ಮ್ಯೂಸಿಯಂಗಳು ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ನೂಟ್ಕಾ ತೆಗೆದು ನೂಚಾನೂಲ್ತ್ ಎಂದು ಹಾಕಿವೆ. ನೋಡುವುದಕ್ಕೇನೋ ಚೆನ್ನಾಗಿದೆ, ಕಷ್ಟ ಮಾತ್ರ ಹಾಗೇ ಉಳಿದಿದೆ. 14ರಲ್ಲಿ ಯಾರದು ಅನ್ನುವುದು ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯುವುದಿಲ್ಲ.

ಸಮುದ್ರದ ಆಚೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ತುದಿಯಲ್ಲಿರುವ ಮಕಾ ಜನ ಇವರ ಹತ್ತಿರದ ನೆಂಟರು. ಭಾಷೆ, ತಿಮಿಂಗಿಲ ಬೇಟೆ, ಕುಣಿತ ಎಲ್ಲದರಲ್ಲೂ ಹೋಲಿಕೆ ಇದೆ. ಮಧ್ಯೆ ಒಂದು ಅಂತರರಾಷ್ಟ್ರೀಯ ಗಡಿ ಇದೆ ಅಷ್ಟೇ. ಆ ಗಡಿಯಿಂದ ಏನಾಗುತ್ತದೆ ಅನ್ನುವುದನ್ನು ಮುಂದೆ ನೋಡೋಣ.

ಮರದ ತುಂಡಿನ ಹಿಂದೆ ಇರುವುದು

ಒಂದು ತೋಳದ ಶಿರೋಭೂಷಣವನ್ನು ಹತ್ತಿರದಿಂದ ನೋಡಿ. ಸೀಡರ್ ಎಂಬ ಮರದ ಎರಡು ಚಪ್ಪಟೆ ಹಲಗೆ. ಪಕ್ಕದಿಂದ ನೋಡಿದರೆ ಉದ್ದ ಮೂತಿಯ ತೋಳದ ತಲೆ ಕಾಣುವ ಹಾಗೆ ಕತ್ತರಿಸಿ, ಎರಡನ್ನೂ ಜೋಡಿಸಿ ಕಟ್ಟಿರುತ್ತಾರೆ. ಕಪ್ಪು, ಕೆಂಪು, ಕೆಲವೊಮ್ಮೆ ನೀಲಿ ಬಣ್ಣ. ಪಕ್ಕದ ಕ್ವಾಕ್ವಾಕ್ಯವಾಕ್ಯ ಜನರ ಮುಖವಾಡಗಳಷ್ಟು ಆಳವಾದ ಕೆತ್ತನೆ ಇಲ್ಲಿ ಇರುವುದಿಲ್ಲ. ಸಪಾಟು ಮೈ, ಅದರ ಮೇಲೆ ದಿಟ್ಟವಾದ ಬಣ್ಣದ ಗೆರೆಗಳು. ಇದು ಮುಖ ಮುಚ್ಚುವುದಿಲ್ಲ, ಹಣೆಯ ಮೇಲೆ ಕೂರುತ್ತದೆ. ಕುಣಿಯುವವರು ತಲೆ ಬಗ್ಗಿಸಿದರೆ ಮಾತ್ರ ತೋಳ ನಿಮ್ಮನ್ನು ದಿಟ್ಟಿಸುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿಟ್ಟರೆ ಆ ನೋಟ ಸಿಗುವುದೇ ಇಲ್ಲ.

ಇದು ಬಳಕೆಯಾಗುವುದು ತ್ಲೂಕ್ವಾನ ಎಂಬ ಚಳಿಗಾಲದ ಆಚರಣೆಯಲ್ಲಿ. ತೋಳಗಳು ಬಂದು ಮಕ್ಕಳನ್ನು ಹೊತ್ತೊಯ್ಯುತ್ತವೆ. ಊರಿನವರು ಅವರನ್ನು ಬಿಡಿಸಿ ತರುತ್ತಾರೆ. ಮಕ್ಕಳು ಕುಣಿತ, ಹಾಡು, ಹೊಸ ಹಕ್ಕುಗಳೊಂದಿಗೆ ಮರಳುತ್ತಾರೆ. ಇಲ್ಲಿ ತೋಳ ಅಂದರೆ ಒಂದೇ ತರಹದ್ದಲ್ಲ. ತೆವಳುವ ತೋಳದ ಕುಣಿತ ಬೇರೆ, ಗಿರಗಿರ ಸುತ್ತುವ ತೋಳದ್ದು ಬೇರೆ. ಯಾವುದನ್ನು ಯಾರು ಕುಣಿಯಬಹುದು ಅನ್ನುವುದು ಮನೆತನದಿಂದ ಬರುವ ಹಕ್ಕು. ಕ್ಯಾಟಲಾಗ್‌ನಲ್ಲಿ ಮಾತ್ರ ಎಲ್ಲದಕ್ಕೂ ತೋಳದ ಮುಖವಾಡ ಎಂಬ ಒಂದೇ ಹೆಸರು. ಗುಡುಗಿನ ಹಕ್ಕಿ, ಮಿಂಚಿನ ಹಾವು ಇವುಗಳ ಶಿರೋಭೂಷಣದ್ದೂ ಇದೇ ಪಾಡು.

ಈ ಹಕ್ಕುಗಳಿಗೆ ಅವರು ತುಪಾತಿ ಎನ್ನುತ್ತಾರೆ. ಹಾವಿಲ್ತ್, ಅಂದರೆ ಮನೆತನದ ಮುಖ್ಯಸ್ಥ, ಇವುಗಳ ಒಡೆಯ. ಹೆಸರು, ಹಾಡು, ಕುಣಿತ, ಮುಖವಾಡದ ವಿನ್ಯಾಸ, ಪೂರ್ವಜರ ಕಥೆ ಎಲ್ಲವೂ ಅವನ ಸೊತ್ತು. ಮದುವೆಯಲ್ಲಿ ಕೊಡಬಹುದು, ಮಕ್ಕಳಿಗೆ ದಾಟಿಸಬಹುದು. ಹಾಗೆ ದಾಟಿಸುವಾಗ ಊರನ್ನು ಕರೆದು, ಊಟ ಹಾಕಿ, ಉಡುಗೊರೆ ಕೊಟ್ಟು ಎಲ್ಲರೆದುರು ಹೇಳಬೇಕು. ಆ ಕೂಟಕ್ಕೇ ಪಾಟ್‌ಲ್ಯಾಚ್ ಎನ್ನುವುದು. ಉಡುಗೊರೆ ತೆಗೆದುಕೊಂಡವರು ಸಾಕ್ಷಿಗಳಾಗುತ್ತಾರೆ. ಬರಹವಿಲ್ಲದ ನೋಂದಣಿ ಕಚೇರಿ ಅದು ಅಂದರೂ ನಡೆಯುತ್ತದೆ.

ನಮ್ಮ ಕರಾವಳಿಯ ಓದುಗರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಗುತ್ತಿನ ಮನೆಯಿಂದ ದೈವದ ಭಂಡಾರ ಹೊರಡುವಾಗ ಮೊಗ (ದೈವದ ಮುಖವಾಡ), ಕಡ್ಸಲೆ (ಖಡ್ಗ) ಬರೀ ಲೋಹದ ಸಾಮಾನು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಯಾರು ಮುಟ್ಟಬೇಕು, ಯಾರು ಕಟ್ಟಬೇಕು, ಪಾಡ್ದನ ಯಾರು ಹೇಳಬೇಕು ಅನ್ನುವುದು ಬಿಟ್ಟರೆ ಆ ಮೊಗದ ಅರ್ಥವೇ ಉಳಿಯುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ನೂಚಾನೂಲ್ತ್ ಲೆಕ್ಕದಲ್ಲಿ ಹಕ್ಕು ಶಾಶ್ವತ, ಮರ ಅಲ್ಲ. ಮುಖವಾಡ ಹಳತಾದರೆ, ಸುಟ್ಟುಹೋದರೆ ಇನ್ನೊಂದನ್ನು ಕೆತ್ತಿಸಬಹುದು. ಹಾಗಾಗಿ ಮರವನ್ನು ಮಾರಿದರೂ ಹಕ್ಕು ಮಾರಿದ ಹಾಗೆ ಆಗುವುದಿಲ್ಲ. ಮ್ಯೂಸಿಯಂ ಮಾತ್ರ ಬಿಲ್ ತೋರಿಸಿ, ಕೊಂಡಿದ್ದೇವಲ್ಲ, ಇದು ನಮ್ಮದು ಎನ್ನುತ್ತದೆ. ಇಬ್ಬರೂ ಬೇರೆ ಬೇರೆ ಆಸ್ತಿಯ ಬಗ್ಗೆ ಮಾತಾಡುತ್ತಿದ್ದಾರೆ.

ಹುಲ್ಲಿಗೂ ಒಡೆಯ, ನೋಟಕ್ಕೂ ಬೆಲೆ

ಒಡೆತನದ ಸಂಗತಿ ಹೊರಗಿನವರಿಗೆ ಗೊತ್ತೇ ಇರಲಿಲ್ಲ ಅಂದರೆ ಒಪ್ಪುವ ಹಾಗಿಲ್ಲ. 1778ರಲ್ಲೇ ಗೊತ್ತಾಗಿತ್ತು. ಕುಕ್‌ನ ಕಡೆಯವರು ಹಡಗಿನ ಆಡು ಕುರಿಗಳಿಗೆ ಹುಲ್ಲು ಕೊಯ್ಯಲು ದಡಕ್ಕಿಳಿದರೆ, ಅಲ್ಲಿನವರು ಒಬ್ಬರಾದ ಮೇಲೊಬ್ಬರು ಬಂದು ದುಡ್ಡು ಕೇಳಿದರು. ತಮ್ಮ ನೆಲದಲ್ಲಿ ಬೆಳೆದದ್ದೆಲ್ಲ ತಮ್ಮದು ಎಂದು ಇಷ್ಟು ಖಡಾಖಂಡಿತವಾಗಿ ಹೇಳುವ ಜನರನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂಬರ್ಥದಲ್ಲಿ ಕುಕ್ ಬರೆದುಕೊಂಡಿದ್ದಾನೆ. ಹಿತ್ತಾಳೆಗೆ ಎಷ್ಟು ಬೇಡಿಕೆ ಇತ್ತೆಂದರೆ ನಾವಿಕರ ಅಂಗಿಗಳಲ್ಲಿ ಗುಂಡಿ ಉಳಿಯಲಿಲ್ಲ.

ಅದೇ ಪ್ರಯಾಣದ ಚಿತ್ರಕಾರ ಜಾನ್ ವೆಬರ್‌ದು ಇನ್ನೂ ಸ್ವಾರಸ್ಯದ ಕಥೆ. ಯೂಕ್ವಾಟ್‌ನ ಒಂದು ಮನೆಯೊಳಗೆ ದೊಡ್ಡ ಕೆತ್ತನೆಯ ಕಂಬಗಳಿದ್ದವು. ಬರೆಯಲು ಕುಳಿತ. ಒಬ್ಬ ಬಂದು ಚಾಪೆ ಅಡ್ಡ ಹಿಡಿದ. ವೆಬರ್ ಕೋಟಿನ ಒಂದು ಗುಂಡಿ ಕಿತ್ತುಕೊಟ್ಟ. ಚಾಪೆ ಸರಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅಡ್ಡ ಬಂತು. ಇನ್ನೊಂದು ಗುಂಡಿ. ಗುಂಡಿಯೆಲ್ಲ ಖಾಲಿಯಾದ ಮೇಲೆ ಚಾಪೆಯವನು ಸುಮ್ಮನಾದ. ಇದನ್ನು ತಮಾಷೆಯ ಪ್ರಸಂಗ ಎಂದು ಹೇಳುವ ರೂಢಿ ಇದೆ. ನನಗೆ ಇದು ಲೈಸೆನ್ಸ್ ಶುಲ್ಕದ ಹಾಗೆ ಕಾಣುತ್ತದೆ. ನೋಡುವುದಕ್ಕೂ ಬರೆದುಕೊಳ್ಳುವುದಕ್ಕೂ ಒಡೆಯನ ಒಪ್ಪಿಗೆ ಬೇಕು ಎಂಬ ನಿಯಮ ಅಲ್ಲಿತ್ತು.

ಇಷ್ಟೆಲ್ಲ ಕಂಡವರು ಮುಖವಾಡಗಳ ವಿಷಯಕ್ಕೆ ಬಂದಾಗ ಏನು ಬರೆದರು? ಇವನ್ನು ಧಾರ್ಮಿಕ ಸಂದರ್ಭಕ್ಕೆ ಹಾಕುತ್ತಾರೋ, ಮೋಜಿಗೋ, ಶತ್ರುಗಳನ್ನು ಹೆದರಿಸುವುದಕ್ಕೋ, ಬೇಟೆಯಲ್ಲಿ ಪ್ರಾಣಿಗಳನ್ನು ಮೋಸಗೊಳಿಸುವುದಕ್ಕೋ ತಿಳಿಯದು ಎಂದು ಕುಕ್‌ನ ಪ್ರಯಾಣದ ವರದಿ ಹೇಳುತ್ತದೆ. ಕನಿಷ್ಠ ಅದು ಪ್ರಾಮಾಣಿಕ. ಆಮೇಲಿನ ಕ್ಯಾಟಲಾಗ್‌ಗಳಲ್ಲಿ ಆ ಅನುಮಾನವೂ ಮಾಯವಾಗಿ, ಕುಣಿತದ ಮುಖವಾಡ ಎಂಬ ಎರಡು ಪದ ಉಳಿದವು.

ಆ ಪ್ರಯಾಣದಲ್ಲಿ ಕೊಂಡ ವಸ್ತುಗಳು ಇಂಗ್ಲೆಂಡಿಗೆ ಹೋಗಿ ಚೆಲ್ಲಾಪಿಲ್ಲಿಯಾದವು. ಒಂದಿಷ್ಟು ಬ್ರಿಟಿಷ್ ಮ್ಯೂಸಿಯಂಗೆ ಸೇರಿದವು. ವೆಬರ್ ತನ್ನ ಪಾಲನ್ನು 1791ರಲ್ಲಿ ತಂದೆಯ ಊರಾದ ಸ್ವಿಟ್ಜರ್‌ಲೆಂಡಿನ ಬರ್ನ್ ನಗರಕ್ಕೆ ಕೊಟ್ಟ. ಇನ್ನಷ್ಟು ಸರ್ ಆಷ್ಟನ್ ಲಿವರ್ ಎಂಬ ಶ್ರೀಮಂತನ ಖಾಸಗಿ ಮ್ಯೂಸಿಯಂನಲ್ಲಿದ್ದವು. 1806ರಲ್ಲಿ ಆ ಮ್ಯೂಸಿಯಂ ಹರಾಜಾಯಿತು. ಆಸ್ಟ್ರಿಯಾ ಚಕ್ರವರ್ತಿಯ ಪರವಾಗಿ ಕೊಂಡ ಭಾಗ ಇವತ್ತು ವಿಯೆನ್ನಾದಲ್ಲಿದೆ. ಯಾವ ವಸ್ತು ಯಾವ ಹಡಗಿನಲ್ಲಿ ಬಂತು ಅನ್ನುವುದು ಬಹುಪಾಲು ಮರೆತುಹೋಗಿತ್ತು. ಎಷ್ಟೋ ಕಾಲದ ನಂತರ ಎಡ್ರಿಯೆನ್ ಕೆಪ್ಲರ್ ಎಂಬ ವಿದ್ವಾಂಸೆ ಹರಾಜಿನ ಪಟ್ಟಿ, ಸಾರಾ ಸ್ಟೋನ್ ಎಂಬ ಚಿತ್ರಕಾರ್ತಿ 1780ರ ದಶಕದಲ್ಲಿ ಲಿವರ್ ಮ್ಯೂಸಿಯಂನ ವಸ್ತುಗಳನ್ನು ನೋಡಿ ಬರೆದ ಚಿತ್ರಗಳು, ಇವನ್ನೆಲ್ಲ ಹೋಲಿಸಿ ಕುಕ್ ಪ್ರಯಾಣದ ವಸ್ತುಗಳನ್ನು ಗುರುತು ಹಿಡಿದರು. ದೊಡ್ಡ ಕೆಲಸವೇ ಸರಿ. ಆದರೆ ಅಷ್ಟು ಶ್ರಮದಿಂದ ಸಿಕ್ಕ ಉತ್ತರ, ಇದು ಕುಕ್ ತಂದದ್ದು ಎಂದು. ಕೊಟ್ಟವರು ಯಾರು ಎಂದಲ್ಲ.

ಮಂಗಳೂರಿಗೂ ಇಲ್ಲಿಗೂ ಒಂದು ಎಳೆ ಇದೆ, ಹೇಳದೆ ಹೋಗಲು ಮನಸ್ಸಿಲ್ಲ. ಕುಕ್ ನಂತರ ಸಮುದ್ರ ನೀರುನಾಯಿಯ ಚರ್ಮದ ಆಸೆಗೆ ನೂಟ್ಕಾಗೆ ಹೊರಟ ಮೊದಮೊದಲ ವ್ಯಾಪಾರಿ ಹಡಗುಗಳಲ್ಲಿ ಕೆಲವು ನಮ್ಮ ಬಂದರುಗಳಿಂದಲೇ ಹೋದವು. ಜೇಮ್ಸ್ ಸ್ಟ್ರೇಂಜ್ ನಾಯಕತ್ವದಲ್ಲಿ ಬಾಂಬೆಯಿಂದ ಹೊರಟ ಎರಡು ಹಡಗು 1786ರಲ್ಲಿ ಅಲ್ಲಿ ಮುಟ್ಟಿದವು. ಅದರಲ್ಲಿದ್ದ ಸೈನ್ಯಾಧಿಕಾರಿ ಅಲೆಕ್ಸಾಂಡರ್ ವಾಕರ್. ಎರಡು ವರ್ಷ ಮುಂಚೆ, 1784ರ ಜನವರಿಯಲ್ಲಿ, ಇಂಗ್ಲಿಷರು ಮಂಗಳೂರು ಕೋಟೆಯನ್ನು ಟಿಪ್ಪುವಿಗೆ ಒಪ್ಪಿಸಿದಾಗ ಒತ್ತೆಯಾಳಾಗಿ ನಿಂತವನು ಇವನೇ. ಯೂಕ್ವಾಟ್‌ನ ಜನಜೀವನದ ಬಗ್ಗೆ ವಾಕರ್ ವಿವರವಾಗಿ ಬರೆದಿಟ್ಟ. ಆ ಬರಹ ಪುಸ್ತಕವಾಗಿ ಅಚ್ಚಾದದ್ದು 1982ರಲ್ಲಿ. ಮುಖವಾಡ ಒಂದು ಊರಲ್ಲಿ, ಅದರ ಕಾಲದ ಮಾತು ಇನ್ನೊಂದು ಊರಿನ ಕಪಾಟಿನಲ್ಲಿ ಕೊಳೆಯುವುದು ಈ ಕಥೆಯಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ.

ಮೂರು ಬಗೆಯ ಮಾರಾಟ, ಒಂದೇ ಪದ

ಹತ್ತೊಂಬತ್ತನೇ ಶತಮಾನದ ಕೊನೆಗೆ ಸ್ಥಿತಿ ಪೂರ್ತಿ ಬದಲಾಗಿತ್ತು. ಸಿಡುಬು ಮತ್ತು ಬೇರೆ ರೋಗಗಳಿಂದ ಊರಿಗೆ ಊರೇ ಬರಿದಾಗಿದ್ದವು. 1875ರಿಂದ ಹೆಸ್ಕ್ವಿಯಾಟ್‌ನಲ್ಲಿ ಕ್ಯಾಥೊಲಿಕ್ ಮಿಷನ್ ಇತ್ತು. 1900ರಲ್ಲಿ ಮಿಯರ್ಸ್ ದ್ವೀಪದಲ್ಲಿ ವಸತಿಶಾಲೆ ಶುರುವಾಗಿ ಮಕ್ಕಳು ಮನೆಯಿಂದ ದೂರವಾದರು. 1884ರಲ್ಲಿ ಕೆನಡಾ ಸರ್ಕಾರ ಇಂಡಿಯನ್ ಕಾಯ್ದೆಗೆ ತಿದ್ದುಪಡಿ ತಂದು ಪಾಟ್‌ಲ್ಯಾಚ್ ನಿಷೇಧಿಸಿತು. ನಡೆಸಿದವರಿಗೆ ಎರಡರಿಂದ ಆರು ತಿಂಗಳು ಜೈಲು. ಈ ನಿಷೇಧ ಹೋದದ್ದು 1951ರಲ್ಲಿ.

ಮ್ಯೂಸಿಯಂಗಳ ಏಜೆಂಟರು ಹೆಚ್ಚೆಚ್ಚು ಬಂದದ್ದು ಇದೇ ಹೊತ್ತಿಗೆ. ಬರ್ಲಿನ್‌ನ ಮ್ಯೂಸಿಯಂಗಾಗಿ ಯಾಕೋಬ್‌ಸನ್ ಎಂಬ ಸಂಗ್ರಾಹಕ 1881-83ರಲ್ಲಿ ಇಡೀ ಕರಾವಳಿ ಸುತ್ತಿದ. ಷಿಕಾಗೋದ ಫೀಲ್ಡ್ ಮ್ಯೂಸಿಯಂ, ನ್ಯೂಯಾರ್ಕ್, ವಿಕ್ಟೋರಿಯಾ ಎಲ್ಲವೂ ಪೈಪೋಟಿಗೆ ಬಿದ್ದವು. ಕುಣಿಯುವುದೇ ಅಪರಾಧ ಎಂದಾದ ಮೇಲೆ ಮುಖವಾಡ ಮನೆಯಲ್ಲಿಟ್ಟುಕೊಂಡರೆ ಭಯ, ಮಾರಿದರೆ ನಾಲ್ಕು ಕಾಸು. ಆಗ ಮಾರಿದ್ದನ್ನು ಸ್ವಂತ ಇಷ್ಟದಿಂದ ಮಾರಿದ್ದು ಎನ್ನುವುದು ಹೇಗೆ?

ಹಾಗೆಂದು ಎಲ್ಲವೂ ಲೂಟಿ ಎಂದು ಹೇಳಿಬಿಡುವುದೂ ಸುಲಭದ ದಾರಿ. 1778ರಲ್ಲಿ ಯೂಕ್ವಾಟ್‌ನ ಜನ ತಮಗೆ ಬೇಕಾದ ಬೆಲೆಗೆ, ತಮ್ಮ ನೆಲದಲ್ಲಿ, ತಮ್ಮ ಷರತ್ತಿನ ಮೇಲೆ ವ್ಯಾಪಾರ ಮಾಡಿದರು. ನಿಷೇಧದ ಕಾಲದಲ್ಲಿ ಮಾರಿದ್ದು ಬೇರೆಯೇ ಕಥೆ. ಮೂರನೆಯದು, ಮಾರುವುದಕ್ಕೆಂದೇ ಕೆತ್ತಿದವು. ಪ್ರವಾಸಿಗರಿಗೆ, ಸಂಗ್ರಾಹಕರಿಗೆ ಕೆತ್ತಿಕೊಟ್ಟು ಜೀವನ ಮಾಡಿದ ಕಲಾವಿದರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥದ್ದನ್ನು ವಾಪಸ್ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಈ ಮೂರನ್ನೂ ಬೇರೆ ಮಾಡಿ ಹೇಳಬೇಕಾದದ್ದು ದಾಖಲೆ. ದಾಖಲೆಯಲ್ಲಿ ಮೂರಕ್ಕೂ ಖರೀದಿ ಎಂಬ ಒಂದೇ ಮುದ್ರೆ. ಇದೇ ನನ್ನ ಮುಖ್ಯ ತಕರಾರು.

ಇದಕ್ಕಿಂತ ಚೆನ್ನಾಗಿ ಬರೆಯಲು ಆಗಿನ ಕಾಲಕ್ಕೆ ಸಾಧ್ಯವಿರಲಿಲ್ಲವೇ ಅಂದರೆ, ಇತ್ತು. ವಸ್ತುಗಳನ್ನು ಅವುಗಳ ಬಗೆಯ ಪ್ರಕಾರ ಜೋಡಿಸುವುದು ತಪ್ಪು, ಅವು ಹುಟ್ಟಿದ ಸಮುದಾಯದ ಜೊತೆಗೇ ಇಟ್ಟು ನೋಡಬೇಕು ಎಂದು ಬೋವಾಸ್ 1887ರಲ್ಲೇ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನ ಓಟಿಸ್ ಮೇಸನ್ ಜೊತೆ ಜಗಳಕ್ಕಿಳಿದಿದ್ದರು. 1910ರಲ್ಲಿ, ಮತ್ತೆ 1913-14ರಲ್ಲಿ, ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ವ್ಯಾಂಕೂವರ್ ದ್ವೀಪದ ಪೋರ್ಟ್ ಅಲ್ಬರ್ನಿ ಊರಿಗೆ ಹೋಗಿ ಕುಳಿತು ತ್ಸೆಶಾಟ್ ಹಿರಿಯರ ಮಾತು ಬರೆದುಕೊಂಡರು. ಅಲೆಕ್ಸ್ ತಾಮಸ್ ಎಂಬ ತ್ಸೆಶಾಟ್ ಯುವಕ ತಮ್ಮ ಭಾಷೆಯನ್ನು ಬರೆಯಲು ಕಲಿತು, ಮುಂದೆ ವರ್ಷಗಟ್ಟಲೆ ಸ್ವತಃ ಕಥೆ, ಆಚರಣೆಗಳನ್ನು ಬರೆದು ಕಳಿಸುತ್ತಿದ್ದರು. ಆ ಬರಹಗಳಲ್ಲಿ ನೋಡಿದರೆ ಒಂದೊಂದು ಹಾಡಿಗೂ ಮನೆತನದ ಹೆಸರಿದೆ, ಹಕ್ಕು ಯಾವ ಮದುವೆಯಲ್ಲಿ ಯಾರಿಗೆ ಬಂತು ಎಂಬ ವಿವರ ಇದೆ. ಕೇಳಿದ್ದರೆ ಹೇಳುತ್ತಿದ್ದರು, ಅಷ್ಟೇ. ಉಳಿದವರು ಕೇಳಲಿಲ್ಲ. ಡಜನ್‌ಗಟ್ಟಲೆ ಪೆಟ್ಟಿಗೆ ತುಂಬಿಸಿ ಹಡಗಿಗೆ ಹತ್ತಿಸುವ ಅವಸರ ಅವರಿಗಿತ್ತು.

ಆಮೇಲೆ ಮಾಹಿತಿಯೂ ಹರಿದು ಹಂಚಿತು. ಮರದ ಮುಖವಾಡ ಮಾನವಶಾಸ್ತ್ರ ವಿಭಾಗಕ್ಕೆ. ಹಾಡು ಮುದ್ರಿಸಿಕೊಂಡ ಮೇಣದ ಸಿಲಿಂಡರ್ ಧ್ವನಿ ಸಂಗ್ರಹಕ್ಕೆ. ಫೋಟೋ ಇನ್ನೊಂದು ಕಡೆಗೆ. ಟಿಪ್ಪಣಿ ಪುಸ್ತಕ ಮತ್ತೊಂದು ಲೈಬ್ರರಿಗೆ. ದಪ್ಪ ರಿಜಿಸ್ಟರ್‌ನ ಒಂದು ಸಾಲನ್ನು ನೋಡಿ ಕಾರ್ಡ್ ಬರೆದರು. ಕಾರ್ಡ್ ನೋಡಿ ಕಂಪ್ಯೂಟರಿಗೆ ತುಂಬಿದರು. ಕಂಪ್ಯೂಟರಿನಿಂದ ವೆಬ್‌ಸೈಟಿಗೆ ಬಂತು. ಮೊದಲನೇ ಗುಮಾಸ್ತ ಊರಿನ ಹೆಸರು ಬಿಟ್ಟಿದ್ದರೆ ಅದು ಕೊನೆಯ ತನಕ ಬಿಟ್ಟುಹೋಯಿತು. ವೆಬ್‌ಸೈಟಿನಲ್ಲಿ ಅಚ್ಚುಕಟ್ಟಾಗಿ ಕಂಡದ್ದರಿಂದ ಅದಕ್ಕೆ ಪ್ರಮಾಣದ ಗತ್ತು ಬೇರೆ ಬಂತು.

ತಿದ್ದುವ ಕೆಲಸ

ತಿದ್ದುವ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. 1999ರಲ್ಲಿ ವಿಕ್ಟೋರಿಯಾದ ರಾಯಲ್ ಬ್ರಿಟಿಷ್ ಕೊಲಂಬಿಯಾ ಮ್ಯೂಸಿಯಂನಲ್ಲಿ ನೂಚಾನೂಲ್ತ್ ಮುಖ್ಯಸ್ಥರ ಸಂಪತ್ತಿನ ಬಗ್ಗೆಯೇ ಒಂದು ದೊಡ್ಡ ಪ್ರದರ್ಶನ ನಡೆಯಿತು. ವಸ್ತುವಿನ ಹೆಸರಿಗಿಂತ ಒಡೆತನದ ವಿಷಯಕ್ಕೆ ಅಲ್ಲಿ ಒತ್ತು ಇತ್ತು. 2010ರಲ್ಲಿ ವ್ಯಾಂಕೂವರ್‌ನ ಮ್ಯೂಸಿಯಂ ಆಫ್ ಆಂಥ್ರಪಾಲಜಿ, ಮಸ್ಕ್ವಿಯಮ್, ಸ್ಟೋಲೊ ಸಮುದಾಯಗಳು ಮತ್ತು ಕ್ವಾಕ್ವಾಕ್ಯವಾಕ್ಯ ಜನರ ಉಮಿಸ್ತಾ ಸಂಸ್ಥೆ ಸೇರಿ ರೆಸಿಪ್ರೋಕಲ್ ರಿಸರ್ಚ್ ನೆಟ್‌ವರ್ಕ್ ಎಂಬ ಆನ್‌ಲೈನ್ ವ್ಯವಸ್ಥೆ ತಂದವು. ಹಲವು ಮ್ಯೂಸಿಯಂಗಳ ದಾಖಲೆಯನ್ನು ಒಂದೇ ಕಡೆ ನೋಡಬಹುದು, ಸಮುದಾಯದವರು ತಮಗೆ ತಿಳಿದದ್ದನ್ನು ಸೇರಿಸಬಹುದು. ಒಳ್ಳೆಯದೇ. ನನಗೆ ಕಾಡುವ ಪ್ರಶ್ನೆ ಒಂದೇ. ಗುಮಾಸ್ತ ಬರೆದದ್ದು ದಾಖಲೆ, ಮೊಮ್ಮಗಳು ಬರೆದದ್ದು ಕಾಮೆಂಟ್ ಎಂದಾಗಬಾರದು ಅಲ್ವಾ? ಸೇರಿಸಿದ ಮಾತು ಮುಖ್ಯ ದಾಖಲೆಯೊಳಗೆ ಹೋಗದಿದ್ದರೆ ಅದಕ್ಕೆ ತೂಕ ಬರುವುದಿಲ್ಲ.

ನ್ಯೂಯಾರ್ಕ್‌ನ ಅದೇ ಮ್ಯೂಸಿಯಂ 1899ರಲ್ಲಿ ತೆರೆದಿದ್ದ ತನ್ನ ನಾರ್ತ್‌ವೆಸ್ಟ್ ಕೋಸ್ಟ್ ಹಾಲ್ ಅನ್ನು ನವೀಕರಿಸಿ 2022ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಖರ್ಚು 1.9 ಕೋಟಿ ಡಾಲರ್. ಮ್ಯೂಸಿಯಂನ ಪೀಟರ್ ವೈಟ್‌ಲಿ ಜೊತೆಗೆ ಅದರ ಸಹ-ಕ್ಯುರೇಟರ್ ಆಗಿದ್ದವರು ಹುಪಚಸಾತ್ ಸಮುದಾಯದ ಹಾಯೂಪ್ಸ್. ಅವರೇ ಮುಖವಾಡ ಕೆತ್ತುವವರು, ಹಾಡು ಬಲ್ಲವರು. ಪ್ರದರ್ಶನಕ್ಕೆ ದುಡಿದರೂ, ಈ ವಸ್ತುಗಳು ನಮ್ಮವು, ನಮ್ಮ ಮನೆಗಳಲ್ಲೇ ಇವಕ್ಕೆ ಬೆಲೆ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಇದರಲ್ಲಿ ವಿರೋಧಾಭಾಸ ಕಾಣುವವರಿಗೆ ಕಾಣಲಿ. ಬೇರೆಯವರ ಕಪಾಟಿನಲ್ಲಿರುವ ತನಕ ಹೆಸರಾದರೂ ಸರಿ ಇರಲಿ ಎಂದು ಬಯಸುವುದು ನನಗೆ ಸಹಜವಾಗಿಯೇ ಕಾಣುತ್ತದೆ.

ಇದಕ್ಕಿಂತ ಮುಂದೆ ಹೋದವರು ಮಕಾ ಜನ. ಓಝೆಟ್ ಎಂಬ ಅವರ ಹಳೆಯ ಊರು ನೂರಾರು ವರ್ಷಗಳ ಹಿಂದೆ ಮಣ್ಣು ಕುಸಿದು ಮುಚ್ಚಿಹೋಗಿತ್ತು. 1970ರಿಂದ 11 ವರ್ಷ ನಡೆದ ಉತ್ಖನನದಲ್ಲಿ 55,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಅವನ್ನು ದೂರದ ನಗರಕ್ಕೆ ಕಳಿಸದೆ 1979ರಲ್ಲಿ ನಿಯಾ ಬೇ ಊರಲ್ಲೇ ಮ್ಯೂಸಿಯಂ ತೆರೆದರು. ಸ್ಟೋರ್‌ನಲ್ಲಿ ವಸ್ತುಗಳನ್ನು ಅವು ಸಿಕ್ಕ ಮನೆಯ ಪ್ರಕಾರ ಇಟ್ಟರು, ಮಕಾ ಭಾಷೆಯಲ್ಲಿ ಹೆಸರು ಬರೆದರು. ಕೆಲವನ್ನು ಹೆಂಗಸರು ಮುಟ್ಟಬಾರದು, ಕೆಲವನ್ನು ಗಂಡಸರು ಮುಟ್ಟಬಾರದು ಎಂಬ ಹಳೆಯ ಕಟ್ಟಳೆಗೂ ಅಲ್ಲಿ ಜಾಗ ಕೊಟ್ಟರು. ಈ ಕಟ್ಟಳೆ ನಮಗೆ ಹಿಡಿಸಲಿ ಬಿಡಲಿ, ಒಡೆತನವನ್ನು ಕಾಲಂ ಆಗಿ ಬರೆಯಲು ಆಗುವುದಿಲ್ಲ ಎನ್ನುವವರಿಗೆ ಇದು ಉತ್ತರ.

ಇನ್ನೊಂದು ಕಡೆ, ಎಲ್ಲವನ್ನೂ ಇಂಟರ್‌ನೆಟ್ಟಿಗೆ ಹಾಕಿ, ಎಲ್ಲರಿಗೂ ತೆರೆದಿಡಿ ಎಂಬ ಒತ್ತಡವೂ ಇದೆ. ಕನ್ನಡದ ಹಳೆಯ ಪುಸ್ತಕ, ಪತ್ರಿಕೆಗಳ ವಿಷಯದಲ್ಲಿ ನಾನೂ ಅದೇ ಗುಂಪಿನವನು. ಇಲ್ಲಿ ಮಾತ್ರ ಕೈ ತಡೆಯುತ್ತದೆ. ಚಳಿಗಾಲದ ಆಚರಣೆಯಲ್ಲಿ, ಹಕ್ಕಿದ್ದವರು, ಹಕ್ಕಿದ್ದಾಗ ಮಾತ್ರ ತೋರಿಸುವ ಮುಖವಾಡದ ಫೋಟೋ ಯಾರ ಫೋನಿಗಾದರೂ ಬಂದು ಬೀಳುವುದು ಜ್ಞಾನ ಹಂಚಿಕೆಯಲ್ಲ. ವೆಬರ್ ಗುಂಡಿಯನ್ನಾದರೂ ಕೊಟ್ಟಿದ್ದ.

ಕಾನೂನು, ವಿಷ, ಖರ್ಚು

ಈಗ ಗಡಿಯ ವಿಷಯ. ಅಮೆರಿಕದಲ್ಲಿ 1990ರಿಂದ ನ್ಯಾಗ್‌ಪ್ರ ಎಂಬ ಕಾಯ್ದೆ ಇದೆ. ಅಸ್ಥಿಗಳು, ಪವಿತ್ರ ವಸ್ತುಗಳು, ಇಡೀ ಸಮುದಾಯಕ್ಕೆ ಸೇರಿದ ವಸ್ತುಗಳನ್ನು ಮ್ಯೂಸಿಯಂಗಳು ಮೂಲದವರಿಗೆ ಮರಳಿಸಬೇಕು. 2024ರ ಜನವರಿಯಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಸಮುದಾಯದ ಒಪ್ಪಿಗೆ ಇಲ್ಲದೆ ಪ್ರದರ್ಶನವೂ ಇಲ್ಲ. ನ್ಯೂಯಾರ್ಕ್‌ನ ಮ್ಯೂಸಿಯಂ ಎರಡು ಹಾಲ್ ಮುಚ್ಚಿತು, ಷಿಕಾಗೋದಲ್ಲಿ ಕೆಲವು ಗಾಜಿನ ಕಪಾಟುಗಳಿಗೆ ಪರದೆ ಬಿತ್ತು. ಆದರೆ ಈ ಕಾಯ್ದೆ ಅನ್ವಯವಾಗುವುದು ಅಮೆರಿಕ ಸರ್ಕಾರ ಮಾನ್ಯ ಮಾಡಿದ ಸಮುದಾಯಗಳಿಗೆ. ಮಕಾ ಜನ ಹಕ್ಕಿನಿಂದ ಕೇಳಬಹುದು. ಸಮುದ್ರದ ಆಚೆ ದಡದ ಅವರ ನೆಂಟರು ಕೇಳಿದರೆ ಅದು ಮನವಿ ಮಾತ್ರ.

ಕೆನಡಾದಲ್ಲಿ ಇಂಥ ರಾಷ್ಟ್ರೀಯ ಕಾಯ್ದೆಯೇ ಇಲ್ಲ. ಸಿ-391 ಎಂಬ ಮಸೂದೆ 2019ರಲ್ಲಿ ಕೆಳಮನೆ ದಾಟಿತು, ಸೆನೆಟ್‌ನಲ್ಲಿ ಬಾಕಿ ಇರುವಾಗಲೇ ಚುನಾವಣೆ ಬಂದು ಬಿದ್ದುಹೋಯಿತು. ಮೂಲನಿವಾಸಿಗಳ ಹಕ್ಕಿನ ಕುರಿತ ವಿಶ್ವಸಂಸ್ಥೆಯ ಘೋಷಣೆಯನ್ನು ಈ ದ್ವೀಪ ಸೇರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2019ರಲ್ಲಿ, ಕೆನಡಾ 2021ರಲ್ಲಿ ಕಾನೂನಿಗೆ ತಂದವು ನಿಜ. ಆದರೆ ಮುಖವಾಡ ಹೇಗೆ ವಾಪಸ್ ಬರಬೇಕು ಎಂಬ ದಾರಿಯನ್ನು ಅವು ಹೇಳುವುದಿಲ್ಲ. ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದ ಬಲ ಇದ್ದವರ ಕೆಲಸ ಸ್ವಲ್ಪ ಸಲೀಸು. 2011ರ ಏಪ್ರಿಲ್ 1ರಂದು ಜಾರಿಗೆ ಬಂದ ಮಾನೂಲ್ತ್ ಒಪ್ಪಂದದಲ್ಲಿ ಐದು ನೂಚಾನೂಲ್ತ್ ಸಮುದಾಯಗಳಿವೆ. ಅವುಗಳಲ್ಲಿ ಒಂದಾದ ಹೂ-ಅಯ್-ಆಟ್ ಜನರಿಗೆ 2016ರಲ್ಲಿ ವಿಕ್ಟೋರಿಯಾದ ಮ್ಯೂಸಿಯಂನಿಂದ ಹಲವು ವಸ್ತುಗಳು ಮರಳಿದವು. ಲಂಡನ್, ವಿಯೆನ್ನಾದಲ್ಲಿ ಇರುವವಕ್ಕೆ ಈ ಯಾವುದೂ ತಾಕುವುದಿಲ್ಲ.

ದಾಖಲೆಯಲ್ಲಿ ಇಲ್ಲದ್ದು ಮೈಗೂ ಕುತ್ತು ತರಬಹುದು. ಹುಳ ಹಿಡಿಯದಿರಲಿ ಎಂದು ಹಳೆಯ ಕಾಲದಲ್ಲಿ ಮ್ಯೂಸಿಯಂಗಳು ಮರ, ಗರಿ, ತುಪ್ಪಳಕ್ಕೆ ಆರ್ಸೆನಿಕ್, ಪಾದರಸದ ಪುಡಿ, ದ್ರಾವಣ ಹಚ್ಚುತ್ತಿದ್ದವು. ಯಾವುದಕ್ಕೆ, ಯಾವಾಗ, ಎಷ್ಟು ಎಂದು ಎಷ್ಟೋ ಕಡೆ ಬರೆದೇ ಇಟ್ಟಿಲ್ಲ. ಗಾಜಿನೊಳಗೆ ಇರುವ ತನಕ ಅದು ಯಾರಿಗೂ ತಟ್ಟುವುದಿಲ್ಲ. ಊರಿಗೆ ಬಂದ ಶಿರೋಭೂಷಣವನ್ನು ಹಣೆಗೆ ಕಟ್ಟಿಕೊಂಡು ಬೆವರು ಸುರಿಸಿ ಕುಣಿಯುವವರಿಗೆ ತಟ್ಟುತ್ತದೆ. ಗೊತ್ತಿರುವ ವಿಷದ ಮಾಹಿತಿ ಕೊಡಲೇಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಗೊತ್ತಿಲ್ಲದ್ದಕ್ಕೆ ಎಕ್ಸ್-ರೇ ಪರೀಕ್ಷೆಯೇ ಗತಿ. ಅದರ ಖರ್ಚು ಮ್ಯೂಸಿಯಂನದಾಗಬೇಕು ಎನ್ನುವುದರಲ್ಲಿ ನನಗೇನೂ ಅನುಮಾನವಿಲ್ಲ.

ಖರ್ಚಿನ ಮಾತು ಬಂತು ಎಂದ ಮೇಲೆ ಅದನ್ನು ಪೂರ್ತಿ ಹೇಳಿಬಿಡಬೇಕು. ಸದ್ಯದ ಪದ್ಧತಿಯಲ್ಲಿ ಕೇಳುವವರೇ ಸಾಬೀತು ಮಾಡಬೇಕು. ಪೋರ್ಟ್ ಅಲ್ಬರ್ನಿಯ ಒಂದು ಮನೆತನ ಬರ್ಲಿನ್‌ನಲ್ಲಿರುವ ಮುಖವಾಡ ತಮ್ಮದು ಎಂದರೆ, ಪುರಾವೆ ಏನು ಎಂಬ ಪ್ರಶ್ನೆ ಬರುತ್ತದೆ. ಪುರಾವೆ ಇರುವುದು ಬರ್ಲಿನ್‌ನ ರಿಜಿಸ್ಟರ್‌ನಲ್ಲಿ, ಒಟ್ಟಾವಾದ ಸಿಲಿಂಡರ್‌ನಲ್ಲಿ, ಇನ್ನೆಲ್ಲಿಯದೋ ಟಿಪ್ಪಣಿ ಪುಸ್ತಕದಲ್ಲಿ. ಅವನ್ನು ನೋಡಲು ಟಿಕೆಟ್, ರಜೆ, ಅನುಮತಿ, ಜರ್ಮನ್ ಓದುವವರ ಸಹಾಯ ಎಲ್ಲ ಬೇಕು. ಅವರ ಕಡೆಯ ಪುರಾವೆ, ಅಂದರೆ ಪಾಟ್‌ಲ್ಯಾಚ್‌ನಲ್ಲಿ ಎಲ್ಲರೆದುರು ಹೇಳಿದ ಮಾತನ್ನು, ಕಾನೂನೇ 67 ವರ್ಷ ಬಾಯಿ ಮುಚ್ಚಿಸಿ ಇಟ್ಟಿತ್ತು. ಆದ್ದರಿಂದ ಹೊಣೆ ತಿರುಗಬೇಕು. ನಿಷೇಧದ ಕಾಲದಲ್ಲಿ ಬಂದ ಪ್ರತಿ ಆಚರಣೆಯ ವಸ್ತುವಿಗೂ, ಇದನ್ನು ಮಾರಲು ಹಕ್ಕಿದ್ದವರೇ ಮಾರಿದರು ಎಂದು ತೋರಿಸಬೇಕಾದವರು ಕೊಂಡವರು. ತೋರಿಸಲು ಆಗದಿದ್ದರೆ ದಾಖಲೆಯಲ್ಲಿ ಖರೀದಿ ಎಂದು ಬರೆದಿರುವ ಕಡೆ, ಕೊಟ್ಟವರ ಹಕ್ಕು ಗೊತ್ತಿಲ್ಲ ಎಂದು ಬರೆಯಲಿ. ಈ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ.